ಉಕ್ಕಿನ ಪೆಟ್ಟಿಗೆಯ ಬೆನ್ನು ಹತ್ತಿದ ವಿದ್ವಾಂಸರು

ಬೆಂಗಳೂರಿನಿಂದ ಹೊಸಕೋಟೆ ದಾಟಿ ಕೋಲಾರದತ್ತ ಬಸ್ಸಿನಲ್ಲಿ ಹೊರಟವರು ಒಂದು ದೃಶ್ಯವನ್ನು ತಪ್ಪದೆ ನೋಡಿರುತ್ತಾರೆ. ನೀಲಿಯದೋ ಕೆಂಪಿನದೋ ಬಣ್ಣದ, ಮೈಮೇಲೆ ವಿದೇಶಿ ಕಂಪನಿಯ ಹೆಸರು ಬರೆದ ಉದ್ದನೆಯ ಉಕ್ಕಿನ ಪೆಟ್ಟಿಗೆಯನ್ನು ಹೊತ್ತ ಲಾರಿ ಹೆದ್ದಾರಿಯಲ್ಲಿ ತೇಕುತ್ತ ಸಾಗುತ್ತಿರುತ್ತದೆ. ಅದು ಹಡಗಿನಿಂದ ಇಳಿದದ್ದು ಅಥವಾ ಹಡಗು ಏರಲು ಹೊರಟದ್ದು ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದರೊಳಗೆ ಏನಿದೆ? ಪಕ್ಕದ ಬಸ್ಸಿನಲ್ಲಿ ಕುಳಿತ ನಮಗಿರಲಿ, ಲಾರಿ ಓಡಿಸುವವನಿಗೂ ಎಷ್ಟೋ ಸಲ ಅದು ತಿಳಿದಿರುವುದಿಲ್ಲ. ಬಾಗಿಲಿಗೆ ಮೊಹರು ಬಿದ್ದ ಮೇಲೆ ಅದು ಬರೀ ಒಂದು ಪೆಟ್ಟಿಗೆ.

ಈ ಪೆಟ್ಟಿಗೆಯ ಹೆಸರು ಕಂಟೇನರ್. 1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂವಾರ್ಕ್ ಬಂದರಿನಿಂದ 'ಐಡಿಯಲ್ ಎಕ್ಸ್' ಎಂಬ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್‌ಗೆ ಹೊರಟ ದಿನವನ್ನು ಅದರ ಹುಟ್ಟುಹಬ್ಬ ಎನ್ನುವುದು ವಾಡಿಕೆ. ಎಣ್ಣೆ ಸಾಗಿಸುವ ಹಳೆಯ ಹಡಗೊಂದನ್ನು ಮಾರ್ಪಡಿಸಿ ಈ ಸಾಹಸಕ್ಕೆ ಇಳಿದವರು ಮಾಲ್ಕಂ ಮೆಕ್ಲೀನ್ ಎಂಬ ಲಾರಿ ಉದ್ಯಮಿ. ಇಂದು ಒಂದೊಂದು ದೊಡ್ಡ ಹಡಗು ಇಪ್ಪತ್ತು ಅಡಿ ಲೆಕ್ಕದ 24,000ಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಹೊರುತ್ತದೆ.

ಜಗತ್ತಿನ ವ್ಯಾಪಾರದ ರೀತಿಯನ್ನೇ ಬದಲಿಸಿದ ಈ ವಸ್ತುವನ್ನು ವಿಶ್ವವಿದ್ಯಾಲಯಗಳು ಯಾವಾಗ ಗಮನಿಸಿದವು? ಅದರ ಬಗ್ಗೆ ಏನು ಕೇಳಿದವು, ಏನು ಕೇಳದೆ ಬಿಟ್ಟವು? ಇದು ಪಂಡಿತರ ಕುತೂಹಲದ ಮಾತಷ್ಟೇ ಆಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಹೊಸ ಬಂದರುಗಳಿಗೆ ನೆಲ ಗುರುತಿಸುತ್ತಿರುವ ದೇಶ ನಮ್ಮದು. ಅರವತ್ತು ಎಪ್ಪತ್ತು ವರ್ಷಗಳ ಅಧ್ಯಯನ ಕಂಡುಕೊಂಡದ್ದೇನು ಎಂಬುದು ನಮಗೂ ಬೇಕಾದ ವಿಷಯ.

ಪೆಟ್ಟಿಗೆಗೂ ಮುಂಚಿನ ಲೆಕ್ಕ

ಸ್ವಾರಸ್ಯವೆಂದರೆ, ಈ ಕ್ಷೇತ್ರದ ಮೊದಲ ಮುಖ್ಯ ಅಧ್ಯಯನಗಳಲ್ಲೊಂದು ನಡೆದದ್ದು ಐಡಿಯಲ್ ಎಕ್ಸ್ ಹೊರಡುವುದಕ್ಕೂ ಎರಡು ವರ್ಷ ಮೊದಲು. 1954ರಲ್ಲಿ 'ವಾರಿಯರ್' ಎಂಬ ಸಾಮಾನ್ಯ ಸರಕು ಹಡಗು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಿಂದ ಜರ್ಮನಿಯ ಬ್ರೆಮರ್‌ಹಾವೆನ್‌ಗೆ ಹೋಯಿತು. ಅಮೆರಿಕ ಸರಕಾರದ ನೆರವಿನಲ್ಲಿ ಸಂಶೋಧಕರು ಆ ಒಂದು ಪ್ರಯಾಣದ ಪ್ರತಿ ಖರ್ಚನ್ನೂ ಬರೆದಿಟ್ಟರು. ಹಡಗಿನಲ್ಲಿದ್ದದ್ದು 5,015 ಟನ್ ಸರಕು. ಚೀಲ, ಪೀಪಾಯಿ, ರಟ್ಟಿನ ಡಬ್ಬ, ಮರದ ಪೆಟ್ಟಿಗೆ, ವಾಹನ ಎಲ್ಲ ಸೇರಿ 1,94,582 ನಗಗಳು. 151 ಊರುಗಳಿಂದ ಬಂದಿದ್ದ ಈ ಸರಕನ್ನು ತುಂಬಲು ಆರು ದಿನ, ಸಾಗರ ದಾಟಲು ಹತ್ತೂವರೆ ದಿನ, ಹಗಲು ರಾತ್ರಿ ದುಡಿದು ಇಳಿಸಲು ನಾಲ್ಕು ದಿನ ಹಿಡಿಯಿತು.

ಒಟ್ಟು ಖರ್ಚು 2,37,577 ಡಾಲರ್. ಅದರಲ್ಲಿ ಸಮುದ್ರಯಾನದ ಪಾಲು ಕೇವಲ ಶೇ. 11.5. ಎರಡೂ ತುದಿಯ ಬಂದರುಗಳಲ್ಲಿ ಆದ ಖರ್ಚು ಶೇ. 36.8. ಅಂದರೆ ಸಾವಿರಾರು ಮೈಲಿ ನೀರು ದಾಟುವುದು ಅಗ್ಗ. ದಡದಲ್ಲಿ ನೂರು ಗಜ ದಾಟುವುದು ದುಬಾರಿ! ಮಂಗಳೂರಿನ ಹಳೆಯ ಬಂದರಿನ ಧಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳಿಗೆ ಕೂಲಿಯಾಳುಗಳು ಸರಕು ತುಂಬುವುದನ್ನು ನೋಡಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಂಪನಿಯ ಕೋಣೆಯಲ್ಲಿ ಹುಟ್ಟಿದ ಶಾಸ್ತ್ರ

ದಡದ ಖರ್ಚನ್ನು ಇಳಿಸುವುದು ಹೇಗೆ? ಮೊದಲ ಹಂತದ ಸಂಶೋಧನೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ನಡೆಯಿತು. ಹೆಚ್ಚು ಭಾಗ ನಡೆದದ್ದೂ ಕಂಪನಿಗಳ ಒಳಗೇ.

1956ರಲ್ಲಿ ಹವಾಯಿ ದ್ವೀಪಗಳಿಗೆ ಹಡಗು ಓಡಿಸುತ್ತಿದ್ದ ಮ್ಯಾಟ್ಸನ್ ಎಂಬ ಕಂಪನಿ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಫಾಸ್ಟರ್ ವೆಲ್ಡನ್ ಎಂಬ ವಿಜ್ಞಾನಿಯನ್ನು ಕರೆತಂದು ಸಂಶೋಧನಾ ವಿಭಾಗ ತೆರೆಯಿತು. ಭೂಭೌತಶಾಸ್ತ್ರ ಓದಿದ್ದ ವೆಲ್ಡನ್, ಯುದ್ಧಕಾಲದಲ್ಲಿ ಬೆಳೆದ 'ಆಪರೇಷನ್ಸ್ ರಿಸರ್ಚ್' ಎಂಬ ಗಣಿತ ವಿಧಾನದಲ್ಲಿ ಪಳಗಿದವರು. ಹವಾಯಿಗೆ ಹೋಗುವ ಸರಕು ಎಷ್ಟು, ಮರಳಿ ಬರುವುದೆಷ್ಟು, ಪೆಟ್ಟಿಗೆ ಎಷ್ಟು ಉದ್ದವಿದ್ದರೆ ಲಾಭ ಎಂಬುದನ್ನೆಲ್ಲ ಅವರು ಅಂದಿನ ಗಣಕಯಂತ್ರದ ನೆರವಿನಿಂದ ಲೆಕ್ಕ ಹಾಕಿ, 1958ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಮ್ಯಾಟ್ಸನ್ 24 ಅಡಿ ಉದ್ದದ ಪೆಟ್ಟಿಗೆಯನ್ನು ಆರಿಸಿತು. ಮೆಕ್ಲೀನ್ ಕಂಪನಿಯದು 35 ಅಡಿ. ಕೊನೆಗೆ 1960ರ ದಶಕದಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ 10, 20, 30, 40 ಅಡಿಗಳೆಂಬ ಅಳತೆ ಗೊತ್ತುಮಾಡಿದಾಗ ಈ ಇಬ್ಬರು ಹಿರಿಯರ ಪೆಟ್ಟಿಗೆಗಳೂ ಪಟ್ಟಿಯಿಂದ ಹೊರಗೇ ಉಳಿದವು.

1967ರಲ್ಲಿ ಮೆಕಿನ್ಸಿ ಎಂಬ ಸಲಹಾ ಸಂಸ್ಥೆ ಬ್ರಿಟನ್ನಿನ ಸರಕಾರಿ ಬಂದರು ಮಂಡಳಿಗೆ ಒಂದು ವರದಿ ಕೊಟ್ಟಿತು. ಇನ್ನು ದೊಡ್ಡ ಹಡಗುಗಳು ಕೆಲವೇ ದೊಡ್ಡ ಬಂದರುಗಳಿಗೆ ಹೋಗುತ್ತವೆ ಎಂಬುದು ಅದರ ಸಾರ. ಆ ಮಾತು ನಿಜವಾದರೆ ಉಳಿದ ಬಂದರುಗಳ ಗತಿ ಏನು? ಇಲ್ಲಿಂದ ಪ್ರಶ್ನೆ ಭೂಗೋಳಶಾಸ್ತ್ರಜ್ಞರ ಕೈಗೆ ಬಂತು.

ಯಾವ ಬಂದರು ಬಾಳೀತು?

ಬಂದರಿನ ಬೆಳವಣಿಗೆಗೆ ಒಂದು ನಿಯಮವಿದೆಯೇ ಎಂದು ಭೂಗೋಳಜ್ಞರು ಮೊದಲೇ ಹುಡುಕುತ್ತಿದ್ದರು. 1963ರಲ್ಲಿ ಜೇಮ್ಸ್ ಬರ್ಡ್ ಬ್ರಿಟನ್ನಿನ ಬಂದರುಗಳನ್ನು ಅಧ್ಯಯನ ಮಾಡಿ, ನಗರದ ಮಧ್ಯದಲ್ಲಿ ಹುಟ್ಟುವ ಬಂದರು ಹಂತಹಂತವಾಗಿ ನದಿಯ ಕೆಳಗೆ, ಆಳದ ನೀರಿನತ್ತ ಸರಿಯುತ್ತದೆ ಎಂದು ತೋರಿಸಿದ್ದರು. ಅದೇ ವರ್ಷ ಟಾಫ್, ಮಾರಿಲ್, ಗೌಲ್ಡ್ ಎಂಬ ಮೂವರು ಅಮೆರಿಕದ ವಿದ್ವಾಂಸರು ಘಾನಾ ಮತ್ತು ನೈಜೀರಿಯಾಗಳನ್ನು ಆಧರಿಸಿ, ಕರಾವಳಿಯ ಉದ್ದಕ್ಕೂ ಚದುರಿದ ಸಣ್ಣ ಬಂದರುಗಳಲ್ಲಿ ಒಳನಾಡಿನ ದಾರಿ ಸಿಕ್ಕವು ಮಾತ್ರ ಬೆಳೆದು, ಉಳಿದವು ಸೊರಗುವುದನ್ನು ವಿವರಿಸಿದರು. ಇವರಾರೂ ಕಂಟೇನರನ್ನು ಮನಸ್ಸಿನಲ್ಲಿಟ್ಟು ಬರೆದವರಲ್ಲ. ಆದರೆ ಕಂಟೇನರ್ ಬಂದು ಅವರ ಚಿತ್ರಕ್ಕೆ ವೇಗ ಕೊಟ್ಟಿತು. ಲಂಡನ್ ನಗರದ ಹಡಗುಕಟ್ಟೆಗಳು 1967ರಿಂದ ಒಂದೊಂದಾಗಿ ಮುಚ್ಚಿ, 1981ಕ್ಕೆ ಕೊನೆಯವೂ ಬಾಗಿಲು ಹಾಕಿದವು.

ಆ 1981ರಲ್ಲೇ ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಯೆಹೂದಾ ಹಯೂತ್ 'ಲೋಡ್ ಸೆಂಟರ್' ಎಂಬ ಕಲ್ಪನೆ ಮುಂದಿಟ್ಟರು. ಸುತ್ತಲಿನ ಕರಾವಳಿಯ ಸರಕನ್ನೆಲ್ಲ ತನ್ನತ್ತ ಎಳೆದುಕೊಳ್ಳುವ ಹೆಬ್ಬಂದರು ಎಂದು ಇದನ್ನು ತಿಳಿಯಬಹುದು. ದೊಡ್ಡ ಹಡಗು ಹತ್ತು ಕಡೆ ನಿಂತರೆ ನಷ್ಟ. ಆದ್ದರಿಂದ ಒಂದು ಕಡೆ ನಿಲ್ಲುತ್ತದೆ, ಉಳಿದ ಒಂಬತ್ತು ಕಡೆಯಿಂದ ರೈಲು, ಲಾರಿ, ಸಣ್ಣ ಹಡಗುಗಳು ಅಲ್ಲಿಗೆ ಸರಕು ತಂದುಕೊಡುತ್ತವೆ. ಭಾರತದ ಎಷ್ಟೋ ಪೆಟ್ಟಿಗೆಗಳು ದಶಕಗಳ ಕಾಲ ಕೊಲಂಬೊದಲ್ಲಿ ಹಡಗು ಬದಲಿಸಿ ಯೂರೋಪಿಗೆ ಹೋದದ್ದು ಈ ತರ್ಕದಿಂದಲೇ.

ಹಯೂತ್ ಅವರ ಬಗ್ಗೆ ಗೌರವ ಹುಟ್ಟಿಸುವ ಸಂಗತಿ ಇನ್ನೊಂದಿದೆ. ಹೆಬ್ಬಂದರು ತುಂಬಿ ತುಳುಕಿದಾಗ ಅಂಚಿನ ಬಂದರುಗಳು ಸವಾಲೊಡ್ಡಬಹುದು ಎಂದು ಅವರು ಮೊದಲ ಪ್ರಬಂಧದಲ್ಲೇ ಸೂಚಿಸಿದ್ದರು. 1988ರಲ್ಲಿ ಅಮೆರಿಕದ ಅಂಕಿಅಂಶಗಳನ್ನು ತಾವೇ ಪರಿಶೀಲಿಸಿ, ಅಲ್ಲಿ ಸರಕು ಕೆಲವೇ ಬಂದರುಗಳಲ್ಲಿ ಇನ್ನಷ್ಟು ಗುಡ್ಡೆಯಾಗುವ ಬದಲು ಚದುರುತ್ತಿದೆ ಎಂದು ಬರೆದರು. ಎಲ್ಲ ಸರಕೂ ಕೆಲವೇ ಬಂದರುಗಳ ಪಾಲಾಗುತ್ತದೆ ಎಂಬ ಭವಿಷ್ಯವಾಣಿ ಪೂರ್ತಿ ನಿಜವಾಗಲಿಲ್ಲ. ಕೆನಡಾದ ಬ್ರಯಾನ್ ಸ್ಲ್ಯಾಕ್ 1985ರಲ್ಲಿ ರಫ್ತುದಾರರನ್ನೂ ಸಾಗಣೆ ದಲ್ಲಾಳಿಗಳನ್ನೂ ಮಾತಾಡಿಸಿ, ಅವರು ಬಂದರಿನ ಸೌಕರ್ಯಕ್ಕಿಂತ ಹಡಗು ಮತ್ತು ರೈಲು ಕಂಪನಿಗಳ ದರ, ಸೇವೆಗಳನ್ನೇ ಹೆಚ್ಚು ನೋಡುತ್ತಾರೆಂದು ಕಂಡುಕೊಂಡರು. ಕೋಟಿಗಟ್ಟಲೆ ಸುರಿದು ಬಂದರು ಕಟ್ಟಿದ ಮಾತ್ರಕ್ಕೆ ಹಡಗು ಬರುವುದಿಲ್ಲ ಎಂಬ ಎಚ್ಚರಿಕೆ ಆಗಲೇ ಸಿಕ್ಕಿತ್ತು.

2005ರಲ್ಲಿ ಥಿಯೊ ನೋಟೆಬೂಮ್ ಮತ್ತು ಜಾನ್ ಪಾಲ್ ರೋಡ್ರಿಗ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಂದರು ಎಂಬುದು ಸಮುದ್ರದ ದಡದಲ್ಲಿ ಮುಗಿಯುವುದಿಲ್ಲ, ಒಳನಾಡಿನ ಡಿಪೊಗಳವರೆಗೂ ಚಾಚಿಕೊಂಡಿರುತ್ತದೆ ಎಂದರು. ಈ ಮಾತು ಬೆಂಗಳೂರಿನವರಿಗೆ ಹೊಸದಲ್ಲ. ದೇಶದ ಮೊತ್ತಮೊದಲ ಒಳನಾಡು ಕಂಟೇನರ್ ಡಿಪೊ 1981ರಲ್ಲಿ ಆರಂಭವಾದದ್ದು ಸಮುದ್ರವೇ ಕಾಣದ ಈ ಊರಿನಲ್ಲಿ. ಇಂದಿಗೂ ವೈಟ್‌ಫೀಲ್ಡಿನ ಡಿಪೊದಲ್ಲಿ ಸುಂಕದ ತಪಾಸಣೆ ಮುಗಿಸಿದ ಪೆಟ್ಟಿಗೆ ರೈಲೇರಿ ಚೆನ್ನೈ ಬಂದರಿಗೆ ಹೋಗುತ್ತದೆ. ನಮ್ಮಲ್ಲಿ ರೈಲು, ಬಂದರು, ಕಂಟೇನರ್ ಮೂರನ್ನೂ ಒಟ್ಟಾಗಿ ನೋಡಿ ಬರೆದವರಲ್ಲಿ, ಅಹಮದಾಬಾದಿನ ಐಐಎಂನಲ್ಲಿ ಬಹುಕಾಲ ಬೋಧಿಸಿ 2017ರಿಂದ 2020ರವರೆಗೆ ಬೆಂಗಳೂರು ಐಐಎಂನ ನಿರ್ದೇಶಕರಾಗಿದ್ದ ಜಿ. ರಘುರಾಂ ಅವರ ಹೆಸರು ಮುಖ್ಯವಾದುದು.

ಧಕ್ಕೆಯ ಜನ ಎಲ್ಲಿ ಹೋದರು?

ಇಷ್ಟೆಲ್ಲ ಲೆಕ್ಕದ ನಡುವೆ, ಆ 1,94,582 ನಗಗಳನ್ನು ಹೆಗಲ ಮೇಲೆ ಹೊರುತ್ತಿದ್ದವರ ಕತೆ ಏನಾಯಿತು?

ಇದನ್ನು ಬೇಗ ಕೇಳಿದವರು ಕಾರ್ಮಿಕ ಸಂಬಂಧಗಳ ಅಧ್ಯಯನಕಾರರು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹ್ಯಾರಿ ಬ್ರಿಜಸ್ ಅವರ ನೇತೃತ್ವದ ಬಂದರು ಕಾರ್ಮಿಕರ ಸಂಘ 1960ರಲ್ಲಿ ಮಾಲೀಕರೊಡನೆ ಒಂದು ಒಪ್ಪಂದ ಮಾಡಿಕೊಂಡಿತು. ಯಂತ್ರಗಳನ್ನು ನಾವು ತಡೆಯುವುದಿಲ್ಲ. ಅದಕ್ಕೆ ಪ್ರತಿಯಾಗಿ ಕಾಯಂ ಕೆಲಸಗಾರರನ್ನು ಹೊರಹಾಕಬಾರದು, ಬೇಗ ನಿವೃತ್ತರಾಗುವವರಿಗೆ ಹಣ ಕೊಡಬೇಕು ಎಂಬುದು ಒಪ್ಪಂದದ ತಿರುಳು. ಮಾಲೀಕರು ಇದಕ್ಕಾಗಿ ವರ್ಷಕ್ಕೆ 50 ಲಕ್ಷ ಡಾಲರ್ ನಿಧಿ ಕೊಡಲು ಒಪ್ಪಿದರು. ಪಾಲ್ ಹಾರ್ಟ್‌ಮನ್ 1969ರಲ್ಲೂ, ಅದೇ ಸಂಘದ ಸಂಶೋಧನಾ ನಿರ್ದೇಶಕರಾಗಿದ್ದ ಲಿಂಕನ್ ಫೇರ್ಲಿ 1979ರಲ್ಲೂ ಈ ಒಪ್ಪಂದವನ್ನು ಕುರಿತು ಪುಸ್ತಕ ಬರೆದರು.

ಒಪ್ಪಂದ ಕೆಲಸವನ್ನು ಕಾಪಾಡಿತೇ? ಇದ್ದವರ ಸಂಬಳವನ್ನು ಕಾಪಾಡಿತು. ಆದರೆ ಮುಂದಿನ ತಲೆಮಾರಿಗೆ ಧಕ್ಕೆಯಲ್ಲಿ ಮೊದಲಿನಷ್ಟು ಜಾಗ ಉಳಿಯಲಿಲ್ಲ. 1971-72ರಲ್ಲಿ ಅದೇ ಕರಾವಳಿಯಲ್ಲಿ 134 ದಿನಗಳ ಮುಷ್ಕರ ನಡೆಯಿತು. ಪೆಟ್ಟಿಗೆಗೆ ಸರಕು ತುಂಬುವ ಕೆಲಸ ಬಂದರಿನಿಂದ ದೂರದ ಗೋದಾಮುಗಳಿಗೆ, ಸಂಘದ ಕೈಗೆ ಸಿಗದ ಕೂಲಿಯವರಿಗೆ ಹೋದದ್ದು ಅದಕ್ಕೆ ಒಂದು ಮುಖ್ಯ ಕಾರಣ.

ಅರ್ಥಶಾಸ್ತ್ರಜ್ಞರ ತಡ

ವ್ಯಾಪಾರವೇ ಉಸಿರಾದ ಅರ್ಥಶಾಸ್ತ್ರಜ್ಞರು ಈ ವಿಷಯಕ್ಕೆ ಬಂದದ್ದು ಬಹಳ ತಡವಾಗಿ. ಅಂತರರಾಷ್ಟ್ರೀಯ ವ್ಯಾಪಾರದ ಸಿದ್ಧಾಂತಗಳಲ್ಲಿ ಸಾಗಣೆ ಖರ್ಚನ್ನು ಬಹುಕಾಲ ಬದಿಗಿಟ್ಟೇ ಲೆಕ್ಕ ಮಾಡುತ್ತಿದ್ದರು. ಅಂಕಿಅಂಶಗಳೂ ದುರ್ಲಭ. ಡೇವಿಡ್ ಹಮ್ಮೆಲ್ಸ್ 1990ರ ದಶಕದ ಕೊನೆಯಲ್ಲಿ ಹಳೆಯ ದರಪಟ್ಟಿಗಳನ್ನು ಕೆದಕಿ ನೋಡಿದಾಗ ವಿಚಿತ್ರವೊಂದು ಕಂಡಿತು. ಕಂಟೇನರ್ ಹಬ್ಬಿದ ಕಾಲದಲ್ಲೇ ಹಡಗು ಬಾಡಿಗೆ ನಿರೀಕ್ಷಿಸಿದಷ್ಟು ಇಳಿದಿರಲಿಲ್ಲ! 1973 ಮತ್ತು 1979ರ ತೈಲ ಬೆಲೆ ಏರಿಕೆ ಉಳಿತಾಯವನ್ನು ನುಂಗಿತ್ತು. ಹಾಗಾದರೆ ಈ ಪೆಟ್ಟಿಗೆಯ ಮಹಿಮೆ ಬರೀ ಬುರುಡೆಯೇ?

ಉತ್ತರ ಕೊಟ್ಟವರು ವಿಶ್ವವಿದ್ಯಾಲಯದ ಹೊರಗಿನವರು. ಪತ್ರಕರ್ತರಾಗಿದ್ದ ಅರ್ಥಶಾಸ್ತ್ರಜ್ಞ ಮಾರ್ಕ್ ಲೆವಿನ್ಸನ್ ಅವರ 'ದಿ ಬಾಕ್ಸ್' ಎಂಬ ಪುಸ್ತಕ 2006ರಲ್ಲಿ ಬಂತು. ಹಡಗು ಬಾಡಿಗೆಯೊಂದನ್ನೇ ನೋಡಿದರೆ ಏನೂ ತಿಳಿಯದು. ಕಳವು ನಿಂತದ್ದು, ವಿಮೆ ಅಗ್ಗವಾದದ್ದು, ಗೋದಾಮಿನಲ್ಲಿ ತಿಂಗಳ ದಾಸ್ತಾನು ಇಡಬೇಕಾಗಿಲ್ಲದ್ದು, ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ಅವರ ವಾದ. ಐಡಿಯಲ್ ಎಕ್ಸ್ ಪ್ರಯಾಣದಲ್ಲಿ ಒಂದು ಟನ್ ತುಂಬುವ ಖರ್ಚು 5.83 ಡಾಲರಿನಿಂದ 15.8 ಸೆಂಟಿಗೆ ಇಳಿಯಿತೆಂಬ ಅಂಕಿಯನ್ನು ಜನಪ್ರಿಯಗೊಳಿಸಿದವರೂ ಅವರೇ. 1937ರಲ್ಲಿ ಹತ್ತಿಯ ಹೊರೆ ಇಳಿಸಲು ಕಾದು ಬೇಸತ್ತ ಮೆಕ್ಲೀನ್‌ಗೆ ಧಕ್ಕೆಯಲ್ಲೇ ಕಂಟೇನರಿನ ಯೋಚನೆ ಹೊಳೆಯಿತು ಎಂಬ ಪ್ರಸಿದ್ಧ ಕತೆಗೆ ಆಧಾರವಿಲ್ಲವೆಂದು ಹೇಳಿದವರೂ ಅವರೇ.

ಆ ಬಳಿಕ ಲೆಕ್ಕಗಳು ಒಂದರ ಹಿಂದೆ ಒಂದು ಬಂದವು. ಬರ್ನ್‌ಹೋಫೆನ್, ಎಲ್ ಸಹ್ಲಿ, ನೆಲ್ಲರ್ ಎಂಬ ಮೂವರು ಯಾವ ದೇಶ ಯಾವ ವರ್ಷ ಕಂಟೇನರಿಗೆ ಬಂದರು ತೆರೆಯಿತು ಎಂಬುದನ್ನು ಹಿಡಿದು ವ್ಯಾಪಾರದ ಏರಿಕೆ ಅಳೆದರು. 2013ರಲ್ಲಿ ಪ್ರಚಾರಕ್ಕೆ ಬಂದ ಅವರ ಕರಡು ಪ್ರಬಂಧದ ಪ್ರಕಾರ, 22 ಕೈಗಾರಿಕಾ ದೇಶಗಳ ನಡುವಣ ವ್ಯಾಪಾರ ಇಪ್ಪತ್ತು ವರ್ಷಗಳಲ್ಲಿ ಕಂಟೇನರಿನಿಂದಾಗಿ ಶೇ. 790ರಷ್ಟು ಏರಿತು, ಎರಡು ದೇಶಗಳ ನಡುವಣ ವ್ಯಾಪಾರ ಒಪ್ಪಂದದಿಂದ ಶೇ. 45, ಗ್ಯಾಟ್ ಸದಸ್ಯತ್ವದಿಂದ ಶೇ. 285. ಇದರ ಅಂತಿಮ ರೂಪ 2016ರಲ್ಲಿ ಪ್ರಕಟವಾಯಿತು. ಈ ಅಂಕಿಗಳನ್ನು ಉಲ್ಲೇಖಿಸುವವರು ಅದೇ ಅಧ್ಯಯನದ ಇನ್ನೊಂದು ಮಾತನ್ನು ಮರೆಯುವುದುಂಟು. ಬಡ ದೇಶಗಳ ವ್ಯಾಪಾರದ ಮೇಲೆ ಕಂಟೇನರಿನ ಪರಿಣಾಮ ಶ್ರೀಮಂತ ದೇಶಗಳಲ್ಲಿ ಆದುದಕ್ಕಿಂತ ಕಡಿಮೆ.

ಬಂದರು ಬಂದ ಊರಿಗೇನು ಸಿಕ್ಕಿತು ಎಂಬುದು ಇನ್ನೂ ಹೊಸ ಪ್ರಶ್ನೆ. 2020ರಲ್ಲಿ ಸೀಸರ್ ಡುಕ್ರೂಯೆ ಮತ್ತು ಸಂಗಡಿಗರು ಪ್ರಪಂಚದ ಬಂದರು ನಗರಗಳ ದೀರ್ಘಕಾಲದ ಮಾಹಿತಿ ಜೋಡಿಸಿ ಒಂದು ಪ್ರಬಂಧ ಹೊರತಂದರು. ಕಂಟೇನರಿನಿಂದ ಹಡಗುಗಳ ಓಡಾಟ ಹೆಚ್ಚಿದ ನಗರಗಳಲ್ಲಿ ಅದರಿಂದಾಗಿ ಜನಸಂಖ್ಯೆ ಏರಿದ್ದು ಕಾಣಲಿಲ್ಲ. ಕಾರಣ ನೆಲ. ಪೆಟ್ಟಿಗೆಗಳನ್ನು ಪೇರಿಸಲು ಬಂದರು ಅಪಾರ ಜಾಗ ಬೇಡುತ್ತದೆ. ವ್ಯಾಪಾರ ತಂದುಕೊಡುವ ಲಾಭವನ್ನು ನೆಲದ ಬೆಲೆ ಕಸಿಯುತ್ತದೆ. ದೇಶಕ್ಕೆ ಲಾಭ, ಊರಿಗೆ ಭಾರ ಎಂಬ ಸ್ಥಿತಿ.

ಗಣಿತ ಮತ್ತು ಮನುಷ್ಯ

ಇತ್ತೀಚಿನ ಮೂರು ದಶಕಗಳಲ್ಲಿ ಸಂಶೋಧನೆ ಎರಡು ಕವಲಾಗಿ ಹರಿದಿದೆ. ಒಂದು, ಗಣಿತದ ಕವಲು. ಅಟ್ಟದ ಮೇಲೆ ಪೇರಿಸಿದ ಟ್ರಂಕುಗಳಲ್ಲಿ ನಮಗೆ ಬೇಕಾದದ್ದು ಯಾವಾಗಲೂ ತಳದಲ್ಲೇ ಇರುತ್ತದಲ್ಲ, ಬಂದರಿನ ಅಂಗಳದಲ್ಲೂ ಅದೇ ಪಾಡು. ಅತಿ ಕಡಿಮೆ ಸಲ ಎತ್ತಿ ಇಟ್ಟು ಬೇಕಾದ ಪೆಟ್ಟಿಗೆ ತೆಗೆಯುವುದು ಹೇಗೆ, ಯಾವ ಹಡಗನ್ನು ಯಾವ ಕಟ್ಟೆಗೆ ಬಿಡಬೇಕು, ಕ್ರೇನುಗಳನ್ನು ಹೇಗೆ ಹಂಚಬೇಕು ಎಂಬುದರ ಮೇಲೆ ಪ್ರಬಂಧಗಳ ರಾಶಿಯೇ ಬಿದ್ದಿದೆ. 2010ರಲ್ಲಿ ಜರ್ಮನಿಯ ಭೌತವಿಜ್ಞಾನಿಗಳ ತಂಡವೊಂದು 2007ನೇ ವರ್ಷದ 16,363 ಸರಕು ಹಡಗುಗಳ ಓಡಾಟವನ್ನು ಒಂದು ಜಾಲವಾಗಿ ಬಿಡಿಸಿ ತೋರಿಸಿತು. 2021ರ ಮಾರ್ಚಿನಲ್ಲಿ 400 ಮೀಟರ್ ಉದ್ದದ 'ಎವರ್ ಗಿವನ್' ಹಡಗು ಸೂಯೆಜ್ ಕಾಲುವೆಯಲ್ಲಿ ಸಿಕ್ಕಿಕೊಂಡು ಆರು ದಿನ ದಾರಿ ಮುಚ್ಚಿದಾಗ, ಒಂದು ಗಂಟು ಬಿಗಿದರೆ ಇಡೀ ಬಲೆ ಜಗ್ಗುತ್ತದೆ ಎಂಬುದು ಎಲ್ಲರಿಗೂ ಮನವರಿಕೆಯಾಯಿತು.

ಇನ್ನೊಂದು ಕವಲು ಮನುಷ್ಯರ ಬೆನ್ನು ಹತ್ತಿತು. ಛಾಯಾಗ್ರಾಹಕ ಆಲನ್ ಸೆಕುಲಾ 1995ರ 'ಫಿಶ್ ಸ್ಟೋರಿ'ಯಲ್ಲಿ ಬಂದರು ಮತ್ತು ನಾವಿಕರ ಬದುಕನ್ನು ಚಿತ್ರಗಳಲ್ಲಿ ಹಿಡಿದರು. ಕೆನಡಾದ ಭೂಗೋಳಜ್ಞೆ ಡೆಬೊರಾ ಕೋವೆನ್ 2014ರಲ್ಲಿ, ಸರಕು ಸಾಗಣೆಯ ಇಡೀ ಶಾಸ್ತ್ರ ಸೇನೆಯ ಮನೆಯಲ್ಲಿ ಹುಟ್ಟಿದ್ದನ್ನು ನೆನಪಿಸಿದರು. ಲಾಲೆ ಖಲೀಲಿ ಸ್ವತಃ ಕಂಟೇನರ್ ಹಡಗುಗಳಲ್ಲಿ ಪ್ರಯಾಣಿಸಿ, ಕೊಲ್ಲಿ ದೇಶಗಳ ಬಂದರುಗಳ ವೈಭವದ ಹಿಂದಿರುವ ವಲಸೆ ಕಾರ್ಮಿಕರ ದುಡಿಮೆಯನ್ನು 2020ರ ಪುಸ್ತಕದಲ್ಲಿ ದಾಖಲಿಸಿದರು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ದುಡಿಯಲು ಹೋದ ಅದೇ ಕೊಲ್ಲಿ.

ನಮ್ಮ ದಡದ ಪ್ರಶ್ನೆ

2025ರ ಮೇ 25ರಂದು 'ಎಂಎಸ್‌ಸಿ ಎಲ್ಸಾ 3' ಎಂಬ ಹಡಗು ಕೇರಳದ ಕಡಲಲ್ಲಿ ಮುಳುಗಿತು. ಅದರಲ್ಲಿದ್ದವು 640 ಪೆಟ್ಟಿಗೆಗಳು. ಕೆಲವು ದಡಕ್ಕೆ ತೇಲಿಬಂದವು. ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಹರಳುಗಳು ತಿರುವನಂತಪುರದ ಮರಳಿನಲ್ಲಿ ಹರಡಿಕೊಂಡವು. ಮೀನುಗಾರರು ಬಲೆ ಬೀಸಲು ಹೆದರಿದರು, ಜನ ಮೀನು ಕೊಳ್ಳಲು ಹೆದರಿದರು. ಆ ದಿನಗಳಲ್ಲಿ ಅಲ್ಲಿ ಎಲ್ಲರ ಬಾಯಲ್ಲಿದ್ದ ಪ್ರಶ್ನೆ ಒಂದೇ: ಆ ಪೆಟ್ಟಿಗೆಗಳಲ್ಲಿ ಏನಿತ್ತು?

ಸಂಶೋಧನೆಯ ಚರಿತ್ರೆಯನ್ನು ಹಿಂದಿರುಗಿ ನೋಡಿದರೆ, ವಿದ್ವಾಂಸರೂ ಪೆಟ್ಟಿಗೆಯನ್ನು ಬಹುಕಾಲ ಹೊರಗಿನಿಂದಲೇ ಅಳೆದರು ಎನ್ನಬೇಕಾಗುತ್ತದೆ. ಎಷ್ಟು ಉಳಿತಾಯ ಎಂದು ಮೊದಲು ಕೇಳಿದರು, ಯಾವ ಬಂದರಿಗೆ ಲಾಭ ಎಂದು ಆಮೇಲೆ ಕೇಳಿದರು. ಧಕ್ಕೆಯ ಕೂಲಿಯವನನ್ನು ಕೆಲವರು ಬೇಗ ವಿಚಾರಿಸಿಕೊಂಡರು. ಆದರೆ ಬಂದರಿಗೆ ನೆಲ ಬಿಟ್ಟುಕೊಟ್ಟ ಊರಿಗೆ ಏನು ಉಳಿಯಿತು ಎಂಬುದರ ಲೆಕ್ಕ ಬರಲು ಅರವತ್ತು ವರ್ಷಗಳೇ ಬೇಕಾದವು.

ನಾವು ಅಷ್ಟು ಕಾಯಬೇಕಾಗಿಲ್ಲ. ಕೇರಳದ ವಿಳಿಞ್ಞಂ ಹೆಬ್ಬಂದರು 2024ರ ಡಿಸೆಂಬರಿನಲ್ಲಿ ವಾಣಿಜ್ಯ ವ್ಯವಹಾರ ಆರಂಭಿಸಿದೆ. ಮಹಾರಾಷ್ಟ್ರದ ವಾಢವಣದಲ್ಲಿ 76,200 ಕೋಟಿ ರೂಪಾಯಿಯ ಬಂದರಿಗೆ ಕೇಂದ್ರ ಸಂಪುಟ ಅದೇ ವರ್ಷ ಒಪ್ಪಿಗೆ ಕೊಟ್ಟಿದೆ. ಹೊನ್ನಾವರದ ಕಾಸರಕೋಡಿನಲ್ಲಿ, ಅಂಕೋಲೆಯ ಕೇಣಿಯಲ್ಲಿ ಬಂದರು ಯೋಜನೆಗಳ ವಿರುದ್ಧ ಮೀನುಗಾರರು ದನಿಯೆತ್ತಿದ್ದಾರೆ. ಕರ್ನಾಟಕದ ಈ ಎರಡೂ ಕಂಟೇನರಿಗೆಂದೇ ಮೀಸಲಾದ ಯೋಜನೆಗಳಲ್ಲ. ಆದರೆ ನೆಲ ಯಾರದು, ಲಾಭ ಯಾರಿಗೆ ಎಂಬ ಮಾತು ಅಲ್ಲೂ ಅದೇ. ಕಡಲ ದಡದ ಸಭೆಗಳಲ್ಲಿ ಮೀನುಗಾರ ಹೆಂಗಸರು ಏಳುವ ಈ ಪ್ರಶ್ನೆಗೆ ಅಧಿಕಾರಿಗಳು ಟನ್ನು, ಕೋಟಿಗಳಲ್ಲಿ ಉತ್ತರಿಸುತ್ತಾರೆ. ಆ ಊರಿಗೆ ಕೊನೆಗೆ ಉಳಿಯುವುದೆಷ್ಟು ಎಂಬ ಲೆಕ್ಕವನ್ನು ಮಾಡುವ ವಿಧಾನ ಈಗ ವಿದ್ವಾಂಸರ ಬಳಿ ಇದೆ. ಅಡಿಗಲ್ಲು ಬೀಳುವ ಮುಂಚೆಯೇ ಅದನ್ನು ಮಾಡಿಸಿ ಜನರ ಮುಂದಿಡುವುದು ಸರಕಾರದ ಕೆಲಸ.